ಏಳರ ಬಿಡುಗಡೆ

ಆ ಪ್ರೋಗ್ರಾಮಿಂಗ್ ಭಾಷೆಯ ಐದನೇ ಆವೃತ್ತಿ ಹತ್ತು ವರ್ಷದಿಂದ ಬಳಕೆಯಲ್ಲಿತ್ತು. ಆರನೆಯದನ್ನು ಘೋಷಿಸಿ, ನಾಲ್ಕು ವರ್ಷ ಎಳೆದಾಡಿ, ಕೊನೆಗೆ ಕೈಬಿಟ್ಟಿದ್ದರು. ಆಮೇಲೆ ರೇಣುಕಾ ಹಾದಿಮನಿ ಎರಡು ವರ್ಷ ಒಬ್ಬಳೇ ಕೂತು ಎಲ್ಲವನ್ನೂ ಹೊಸದಾಗಿ ಬರೆದು ಭಾಷೆಯ ವೇಗವನ್ನು ದುಪ್ಪಟ್ಟು ಮಾಡಿದಳು. ಅವಳ ಕೆಲಸಕ್ಕೆ ಯಾವ ಸಂಖ್ಯೆ ಕೊಡಬೇಕೆಂದು ತೀರ್ಮಾನಿಸಲು ಒಂಬತ್ತು ಜನರ ಸಮಿತಿ ಐದನೇ ಸಲ ಸೇರಿತ್ತು. ಆ ಒಂಬತ್ತರಲ್ಲಿ ಒಬ್ಬರೂ ಈಚಿನ ವರ್ಷಗಳಲ್ಲಿ ಒಂದು ಸಾಲು ಕೋಡ್ ಬರೆದವರಲ್ಲ.

"ಆರು ಅಂದ್ರೆ ಸೋತಿದ್ದು ಅಂತ ಜನಕ್ಕೆ ಗೊತ್ತು. ಏಳೇ ಇರಲಿ," ಎಂದರು ಅಧ್ಯಕ್ಷರು.

"ಐದಾದ ಮೇಲೆ ಏಳು ಅಂದ್ರೆ ನಮಗೆ ಎಣಿಸೋಕೇ ಬರಲ್ಲ ಅಂತಾರೆ," ಎಂದರು ಹಿರಿಯ ಸದಸ್ಯರೊಬ್ಬರು.

ರೇಣುಕಾ ನಡುವೆ ಬಾಯಿ ಹಾಕಿದಳು. "ಸರ್, ದೊಡ್ಡ ಫೈಲ್ ಓದೂವಾಗ ಇನ್ನೂ ಕ್ರ್ಯಾಶ್ ಆಗಾಕತ್ತೈತ್ರಿ. ಸರಿಮಾಡಾಕ ಇಬ್ಬರನ್ನ ಕೊಡ್ರಿ ಅಂತ ಪ್ರತಿ ಸಲ ಕೇಳೀನಿ."

"ಅದು ಸಣ್ಣ ವಿಷಯ ಕಣಮ್ಮ. ಮೊದಲು ಸಂಖ್ಯೆ ಆಗಲಿ," ಎಂದರು ಅಧ್ಯಕ್ಷರು.

ಒಬ್ಬರು ಏಳರ ಪರವಾಗಿ ಸಪ್ತಸ್ವರಗಳನ್ನು ತಂದರು, ಇನ್ನೊಬ್ಬರು ಆರರ ಪರವಾಗಿ ಋತುಗಳನ್ನು ತಂದರು. ಕಾಫಿ ಎರಡು ಸಲ ಬಂತು. ಕೊನೆಗೆ ಕೈ ಎತ್ತಿಸಿ ಎಣಿಸಿದಾಗ ಏಳಕ್ಕೆ ಐದು, ಆರಕ್ಕೆ ನಾಲ್ಕು. ಸೋತವರೂ ಸೇರಿ ಚಪ್ಪಾಳೆ ತಟ್ಟಿದರು.

ಅಧ್ಯಕ್ಷರು ನಗುತ್ತ ರೇಣುಕಾಳತ್ತ ತಿರುಗಿದರು. "ಹಾಗಾದ್ರೆ ಬಿಡುಗಡೆ ಯಾವಾಗಮ್ಮ?"

"ಏಳರದ್ದು ನೀವ ಹೇಳಬೇಕ್ರಿ ಸರ್. ನಂದು ಆಗಿಬಿಡ್ತು, ನೀವು ಕೈ ಎಣಸೂವಾಗ ರಾಜೀನಾಮೆ ಕಳಿಸೀನಿ."