ನನ್ನ ಮಗ ಕೊಲೆಗಾರನಲ್ಲ

ಡಾಕ್ಟರಿಗೆ ಕೈಗುಣವಿರಲಿಲ್ಲ. ಇಡೀ ಬೀದಿಗೆ ಗೊತ್ತಿದ್ದ ಈ ಸಂಗತಿಯನ್ನು ಅವನ ಅಮ್ಮ ಮಾತ್ರ ಇಷ್ಟು ವರ್ಷ ಒಪ್ಪಿಕೊಂಡಿರಲಿಲ್ಲ. ಇವತ್ತು ಅವಳೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳದಿದ್ದರೆ ಮಗನಿಗೆ ನೇಣು.

ದೇಶದ ಅಧ್ಯಕ್ಷ ಊರಿಗೆ ಬಂದವನು ಬಿಕ್ಕಳಿಕೆ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದ. ಮಗ ಒಂದು ಇಂಜೆಕ್ಷನ್ ಚುಚ್ಚಿದ. ಬಿಕ್ಕಳಿಕೆಯೂ ನಿಂತಿತು, ಉಸಿರೂ ನಿಂತಿತು. ರಾಜಕೀಯ ಕೊಲೆ ಎಂದು ರೇಡಿಯೋ ಸಾರಿತು. ಮಗನನ್ನು ಜೀಪಿನಲ್ಲಿ ಕರೆದೊಯ್ದರು. ವಾರದೊಳಗೆ ಸರ್ಕಾರವೇ ಬದಲಾಯಿತು. ಯಾರು ಬಂದರೂ ಹಗ್ಗ ಅದೇ ತಾನೇ ಎಂದುಕೊಂಡಳು ಅಮ್ಮ.

ಈಗ ಹೊಸ ಸರ್ಕಾರದ ಅಧಿಕಾರಿ ಎದುರಿಗೆ ಕೂತಿದ್ದ. ಮಗ ಯಾವ ಕೋಣೆಯಲ್ಲಿ ಹುಟ್ಟಿದ್ದು, ಎತ್ತರ ಎಷ್ಟು, ಬೈತಲೆ ಯಾವ ಕಡೆಗೆ ಎಂದೆಲ್ಲ ಕೇಳಿದ. ಹಳೆಯ ಕೋಟು ತರಿಸಿ ಭುಜದ ಅಗಲಕ್ಕೆ ಟೇಪು ಹಿಡಿದ. ನೇಣಿಗೂ ಅಳತೆ ಬೇಕೆಂದು ಅಮ್ಮ ಎಲ್ಲೋ ಕೇಳಿದ್ದಳು.

“ಚಿಕ್ಕಂದಿನಿಂದಲೇ ಅವರಿಗೆ ಅಧ್ಯಕ್ಷರ ಮೇಲೆ ಸಿಟ್ಟಿತ್ತಾ, ತಾಯಿ?”

“ಅಧ್ಯಕ್ಷರು ಯಾರು ಅಂತಲೇ ಅವನಿಗೆ ಗೊತ್ತಿರಲಿಲ್ಲಪ್ಪ.”

ಅಧಿಕಾರಿಯ ಮುಖ ಸಪ್ಪಗಾಯಿತು. ಅಮ್ಮನಿಗೆ ಹುರುಪು ಬಂತು. ಕಾಲೇಜಿನಲ್ಲಿ ಕಪ್ಪೆ ಕೊಯ್ಯುವ ದಿನ ಮಗ ಮೂರ್ಛೆ ಹೋದದ್ದನ್ನು ಹೇಳಿದಳು. ಎಚ್ಚರವಾದಾಗ ಕಪ್ಪೆ ತಪ್ಪಿಸಿಕೊಂಡಿತ್ತಂತೆ. ಅಷ್ಟು ಸಾಲದೆಂದು ತನ್ನ ತಮ್ಮನನ್ನು ಕೂಗಿ ಕರೆದಳು. ಅವನ ಬಲಗಾಲು ಮುರಿದಾಗ ಸೋದರಳಿಯ ಎಡಗಾಲಿಗೆ ಪ್ಲಾಸ್ಟರ್ ಸುತ್ತಿದ್ದ. ಮಾವ ಪಂಚೆ ಎತ್ತಿ, ಸೊಟ್ಟಗೆ ಕೂಡಿಕೊಂಡ ಕಾಲನ್ನು ಸಾಕ್ಷಿಗೆ ಮುಂದಿಟ್ಟ.

“ಕೊಲ್ಲೋದಕ್ಕೂ ಸ್ವಲ್ಪ ಕಸುಬು ಗೊತ್ತಿರಬೇಕಲ್ಲ, ಸಾರ್” ಎಂದ.

ಅಧಿಕಾರಿ ಹೆಚ್ಚುಕಡಿಮೆ ಅಂಗಲಾಚತೊಡಗಿದ. ಬೇಕೆಂದೇ ಚುಚ್ಚುತ್ತೇನೆ ಅಂತ ಮನೆಯಲ್ಲಿ ಒಂದು ಮಾತಾದರೂ ಆಡಿರಬೇಕು, ಸಿಟ್ಟಿನಲ್ಲೋ ನಿದ್ದೆಯಲ್ಲೋ, ನೆನಪು ಮಾಡಿಕೊಳ್ಳಿ ಎಂದ. ಬಾಯಿ ಬಿಡಿಸುವ ಈ ಹುನ್ನಾರ ತನಗೆ ಅರ್ಥವಾಗುವುದಿಲ್ಲವೇ ಎಂದುಕೊಂಡಳು ಅಮ್ಮ.

“ಬಾಟಲಿ ಅದಲುಬದಲಾಗಿರುತ್ತೆ. ಅವನಿಗೆ ಅದು ಅಭ್ಯಾಸ. ಬೇಕಾದ್ರೆ ಪಕ್ಕದ ಮನೆಯವರನ್ನ ಕೇಳಿ, ಅವರ ತಾತನೂ ಹಾಗೇ ಹೋದದ್ದು.”

ಅಧಿಕಾರಿ ಟೇಪು ಸುತ್ತಿಟ್ಟ. ವಿಚಾರಿಸಿದಾಗಲೆಲ್ಲ ನಿಮ್ಮ ಮಗನೂ ಇದನ್ನೇ ಹೇಳಿದ್ದರು, ನಾವೇ ಸಂಕೋಚ ಅಂದುಕೊಂಡೆವು ಎಂದು ಗೊಣಗಿದ. ಸಂಜೆಯೊಳಗೆ ಮನೆಗೆ ಕಳಿಸುತ್ತೇವೆ ಎಂದು ಚಪ್ಪಲಿ ಮೆಟ್ಟಿದ. ಅಮ್ಮ ಅವನ ಎರಡೂ ಕೈ ಹಿಡಿದು ಅತ್ತಳು.

ಹಳೆಯ ಅಧ್ಯಕ್ಷನೆಂಬ ಪೀಡೆಯನ್ನು ತೊಲಗಿಸಿದ ವೀರನಿಗೆಂದು ಹೊಸ ಸರ್ಕಾರ ತೆಗೆದಿಟ್ಟಿದ್ದರಲ್ಲಿ ಆ ಮನೆ ಕಳೆದುಕೊಂಡದ್ದು ಇಷ್ಟು: ಚೌಕದಲ್ಲಿ ಒಂದು ಕಂಚಿನ ಪ್ರತಿಮೆ, ಒಂದು ರಸ್ತೆಯ ಹೆಸರು, ಆರೋಗ್ಯ ಮಂತ್ರಿಯ ಒಂದು ಕುರ್ಚಿ, ಜೊತೆಗೆ, ಮಗನ ಡಾಕ್ಟರ್ ಲೈಸೆನ್ಸು.