ಬಡಗಿ ಮನೆಯ ಮಂದೆ

ಅಣ್ಣನ ಹಿಮ್ಮಡಿಗೆ ನಾಯಿ ಮತ್ತೆ ಮೂತಿಯಿಂದ ತಿವಿಯಿತು. ಅವನು ಅತ್ತ ಸರಿದರೆ ಅಡ್ಡ ಬಂತು, ಇತ್ತ ಸರಿದರೆ ತಡೆಯಿತು. ಹಾಗೇ ಅಂಗಳ ದಾಟಿಸಿ, ತಮ್ಮ ಕೂತಿದ್ದ ಬೆಂಚಿನ ಮುಂದೆ ತಂದು ನಿಲ್ಲಿಸಿತು.

ಬಡಗಿಗಳಾದ ಆ ಅಣ್ಣತಮ್ಮಂದಿರು ಒಂದು ಬಾಗಿಲಿನ ಅಳತೆ ಯಾರಿಂದ ತಪ್ಪಿತೆಂದು ಜಗಳವಾಡಿ ಮಾತು ಬಿಟ್ಟಿದ್ದರು. ಅಂದಿನಿಂದ ಒಂದೇ ಮನೆಯಲ್ಲಿ ಎರಡು ಒಲೆ. ತಮ್ಮ ಬಾರ್ಡರ್ ಕೋಲಿ ಜಾತಿಯ ಈ ನಾಯಿಯನ್ನು ತಂದ ದಿನವೂ ಅಣ್ಣ ಗೋಡೆಗೆ ಹೇಳುವಂತೆ, “ಕುರಿಯೇ ಇಲ್ಲದ ಮನೆಗೆ ಕುರಿ ಕಾಯೋ ನಾಯಿ ಬೇರೆ ಕೇಡು!” ಎಂದಿದ್ದ. ನಿಜ, ದಿನಾ ಮೈಲಿಗಟ್ಟಲೆ ಓಡಿಸದಿದ್ದರೆ ಅದು ಉಳಿಯ ಹಿಡಿಗಳನ್ನೆಲ್ಲ ಕಡಿದುಹಾಕುತ್ತಿತ್ತು.

“ನಿನ್ನ ನಾಯಿಗೆ ಹೇಳೋ, ನಾನೇನು ಕುರಿಯಲ್ಲ,” ಎಂದ ಅಣ್ಣ. ಈ ಸಲ ಗೋಡೆಗಲ್ಲ, ತಮ್ಮನಿಗೇ.

ತಮ್ಮ ಗರಗಸ ಕೆಳಗಿಟ್ಟ. “ಚದುರಿದವರನ್ನ ಒಂದ್ಕಡೆ ಸೇರಿಸೋದು ಅದರ ಹುಟ್ಟುಗುಣ ಅಣ್ಣ. ಸುಟ್ರೂ ಹೋಗಲ್ಲ.”

“ಸರಿ, ಜರುಗು,” ಎಂದು ಅಣ್ಣ ನಗು ನುಂಗಿಕೊಂಡು ಪಕ್ಕದಲ್ಲಿ ಕೂತ. ನಾಯಿ ಇಬ್ಬರ ಪಾದಗಳ ಮೇಲೂ ಮೈಚಾಚಿ ಉಸ್ಸೆಂದಿತು. ಮರುಕ್ಷಣವೇ ಅದರ ಕಿವಿ ನಿಮಿರಿತು. ಒಳಗೆ ಓರಗಿತ್ತಿಯರಿಬ್ಬರೂ ತಂತಮ್ಮ ಒಲೆಯ ಮುಂದಿದ್ದರು. ನಾಯಿ ಎದ್ದು ಆ ಕಡೆ ನಡೆಯಿತು.