ಇನ್ನೂ ಸ್ವಲ್ಪ ಹೊತ್ತು

"ಟೈಮ್ ಆತು. ಸುರಿದುಬಿಡ್ರಿ," ಎಂದು ಕೊಟ್ರಪ್ಪ ಗೋಡೆ ಗಡಿಯಾರ ತೋರಿಸಿದರು.

ವನಜಾ ಕರಿ ಡಬ್ಬಿಯನ್ನು ಅಲುಗಿಸುತ್ತಲೇ ಇದ್ದಳು. ಕತ್ತಲ ಕೋಣೆಯಲ್ಲಿ ರೀಲು ತುಂಬಿ ಮುಚ್ಚಳ ಬಿಗಿದಾಗಿತ್ತು. ಈಗ ಕೌಂಟರಿನ ಮೇಲೇ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣದಲ್ಲಿ ಅದು ನೆನೆಯುತ್ತಿತ್ತು. ರೀಲು ತಂದವಳು ಗಂಗಮ್ಮ. ಪೀಣ್ಯದ ಕಂಪನಿಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಮಿಷಿನ್ನಿಗೆ ಅವಳ ಎರಡು ಬೆರಳು ಹೋದ ದಿನವೇ, ಜೊತೆಗಾರನೊಬ್ಬ ಆ ಮಿಷಿನ್ನಿನ ಫೋಟೋ ಕದ್ದು ತೆಗೆದಿದ್ದ. ಕೈ ಸಿಗದಂತೆ ಕಾಯುವ ಜಾಲರಿ ಹಾಕಿಯೇ ಇತ್ತು, ಇವಳೇ ಸಂದಿಯಲ್ಲಿ ಕೈ ತೂರಿಸಿದಳು ಎಂದು ಕಂಪನಿ ಹಟ ಹಿಡಿದಿತ್ತು. ಲೇಬರ್ ಆಫೀಸಿನಲ್ಲಿ ನಾಳೆ ವಿಚಾರಣೆ.

ಕೊಟ್ರಪ್ಪ ಆ ಕಂಪನಿಯ ಪರ್ಸನೆಲ್ ಆಫೀಸರ್. ಯಾರು ಊದಿದರೋ, ಗಂಗಮ್ಮನ ಬೆನ್ನಿಗೇ ಜಾಲಹಳ್ಳಿ ಕ್ರಾಸಿನ ವನಜಾಳ ಈ ಸ್ಟುಡಿಯೋಗೆ ಬಂದಿದ್ದರು. ಅವರಿಗೂ ಕ್ಯಾಮೆರಾ ಹುಚ್ಚು, ಅದೇ ತೊಂದರೆ. ರೀಲು ಕಸಿಯಲಿಲ್ಲ, ಗದರಲಿಲ್ಲ. "ಪ್ಯಾಕೆಟ್ ಮ್ಯಾಲೆ ಬರದಷ್ಟೇ ಹೊತ್ತು ತೊಳೀರಿ. ನಿಮ್ಮ ಮ್ಯಾಲೂ ಮಾತು ಬರಂಗಿಲ್ಲ," ಎಂದಿದ್ದರು. ಎಂಥ ನಯ ನೋಡಿ! ಫ್ಲ್ಯಾಶ್ ಇಲ್ಲದೆ ಮಬ್ಬು ಶೆಡ್ಡಿನಲ್ಲಿ ತೆಗೆದ ರೀಲು ಅದು. ಮಾಮೂಲಿ ಹೊತ್ತಿಗೆ ನಿಲ್ಲಿಸಿದರೆ ಫೋಟೋದಲ್ಲಿ ಮಿಷಿನ್ನು ಬರೀ ಕಪ್ಪು ಮುದ್ದೆ. ಜಾಲರಿ ಆ ಕತ್ತಲಲ್ಲೇ ಇದೆ ಎಂದು ಕಂಪನಿ ಸಾಧಿಸಿಬಿಡಬಹುದು. ಹೆಚ್ಚು ಹೊತ್ತು ಬಿಟ್ಟು 'ಪುಶ್' ಮಾಡಿದರೆ, ಸಿಕ್ಕ ಚೂರು ಬೆಳಕೂ ಮೂಡಿ ಬರುತ್ತದೆ.

"ಇನ್ನೂ ಸ್ವಲ್ಪ ಹೊತ್ತು ಸಾರ್," ಎಂದಳು ವನಜಾ.

"ಪುಶ್ ಮಾಡಾಕತ್ತೀರೇನು?"

"ಹೂಂ. ನಿಮ್ ಮಗಳು ಶಿವಾನಿ ಡ್ಯಾನ್ಸ್ ಮಾಡಿದ್ ರೀಲಿಗೂ ಮಾಡ್ಕೊಟ್ಟಿದ್ನಲ್ಲ ಸಾರ್, ಮರೆತ್ಬಿಟ್ರಾ?"

ಕೊಟ್ರಪ್ಪನವರ ಮುಖ ಬಿಗಿಯಿತು. "ನಮ್ಮ ಐಡಿ ಕಾರ್ಡಿನ ಫೋಟೋ ಎಲ್ಲಾ ನಿಮಗೇ ಕೊಡ್ತೀನಿ. ನಾಳಿಯಿಂದ ಬ್ಯಾರೆ ಸ್ಟುಡಿಯೋಕ್ಕ ಹೋಗ್ತಾವ, ನೋಡ್ರಿ."

ವನಜಾಗೆ ಭಯವಾಯಿತು, ಸುಳ್ಳೇಕೆ ಹೇಳಬೇಕು. ಆ ಕಾರ್ಡುಗಳಿಲ್ಲದಿದ್ದರೆ ಅಂಗಡಿಗೆ ಬೀಗವೇ ಗತಿ. ಹಿಂದೆಯೇ ಸಿಟ್ಟೂ ನೆತ್ತಿಗೇರಿತು. "ಹೋಗ್ಲಿ ಬಿಡಿ," ಎಂದು ಡಬ್ಬಿಯನ್ನು ಕೌಂಟರಿಗೆ ಕುಕ್ಕಿದಳು.

ಅದೇ ಗಳಿಗೆಗೆ ಕೊಟ್ರಪ್ಪನವರ ಕೈ ಮುಚ್ಚಳದ ಮೇಲೆ ಬಿತ್ತು. ಒಂದು ತಿರುವು ಸಾಕಿತ್ತು. ಬೆಳಕು ನುಗ್ಗಿ ರೀಲು ಹಾಳಾಗುತ್ತಿತ್ತು.

ಬೆಂಚಿನಲ್ಲಿ ಮುದುರಿ ಕೂತಿದ್ದ ಗಂಗಮ್ಮ ಎದ್ದು ಬಂದಳು. ಬ್ಯಾಂಡೇಜಿನ ಕೈಯನ್ನು ಅವರ ಕೈಯ ಮೇಲೆ ಊರಿದಳು. "ತಿರುವಿ ಸಾರ್. ಇದ್ನೂ ನಾಳೆ ಅಲ್ಲೇ ಯೇಳ್ತೀನಿ. ನನ್ಗಿನ್ನೇನು ಓಗಬೇಕು?"

ಕೊಟ್ರಪ್ಪ ಆ ಬ್ಯಾಂಡೇಜು ನೋಡಿದರು. ಕೈ ತೆಗೆದರು. ಹೊರಟುಹೋಗಬಹುದಿತ್ತು, ಹೋಗಲಿಲ್ಲ, ಏನು ಬರುತ್ತದೋ ನೋಡುವ ಹುಚ್ಚು ಅವರನ್ನೂ ಬಿಡಲಿಲ್ಲ.

ವನಜಾ ಸಾವಕಾಶವಾಗಿ ಕೆಲಸ ಮುಗಿಸಿ, ಒದ್ದೆ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದಳು.

"ಫೋಟೋ ಬರೀ ರವಾ ಉದುರಿಸಿದಂಗ ಬಂದದ," ಎಂದರು ಕೊಟ್ರಪ್ಪ.

"ಬರ್ಲಿ ಸಾರ್. ಜಾಲರಿ ಎಲ್ಲಿದೆ, ತೋರ್ಸಿ," ಎಂದು ವನಜಾ ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟಳು.

ಅವರು ಬಗ್ಗಿ ನೋಡಿದರು. ನಿಜದಲ್ಲಿ ಕಪ್ಪಿದ್ದದ್ದೆಲ್ಲ ನೆಗೆಟಿವ್‌ನಲ್ಲಿ ತಿಳಿ. ಜಾಲರಿ ಕೂರಬೇಕಿದ್ದ ಬೋಲ್ಟಿನ ಖಾಲಿ ತೂತುಗಳಿಂದ, ಸಾಲಾಗಿ, ಟ್ಯೂಬ್‌ಲೈಟಿನ ಬೆಳಕು ಅವರ ಕಣ್ಣಿಗೇ ಹೊಡೆಯುತ್ತಿತ್ತು.